ಆಲಿವರ್ ಟ್ವಿಸ್ಟ್: ಹಸಿವು ಮತ್ತು ಬಡಮಕ್ಕಳ ಮೇಲಿನ ಕ್ರೌರ್ಯದ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕಾದಂಬರಿ ಯಾವಾಗ, ಹೇಗೆ ಪ್ರಕಟವಾಯಿತು?

ಚಾರ್ಲ್ಸ್ ಡಿಕನ್ಸ್ ಇದನ್ನು ಲಂಡನ್ನಿನ 'ಬೆಂಟ್ಲೀಸ್ ಮಿಸೆಲನಿ' ಎಂಬ ಮಾಸಪತ್ರಿಕೆಯಲ್ಲಿ 1837ರ ಫೆಬ್ರವರಿಯಿಂದ 1839ರ ಏಪ್ರಿಲ್‌ವರೆಗೆ ಕಂತುಗಳಲ್ಲಿ ಬರೆದರು. ಬರೆಯಲು ತೊಡಗಿದಾಗ ಅವರಿಗೆ ಇಪ್ಪತ್ತೈದು ವರ್ಷ. ಧಾರಾವಾಹಿ ಮುಗಿಯುವ ಮೊದಲೇ, 1838ರ ನವೆಂಬರಿನಲ್ಲಿ, ಮೂರು ಸಂಪುಟಗಳ ಪುಸ್ತಕವಾಗಿಯೂ ಬಂತು. ಜಾರ್ಜ್ ಕ್ರೂಕ್‌ಶ್ಯಾಂಕ್ ಅವರ ಚಿತ್ರಗಳಿದ್ದವು. ಕೈಯಲ್ಲಿ ಬಟ್ಟಲು ಹಿಡಿದು ನಿಂತ ಬಡಕಲು ಹುಡುಗನ ಚಿತ್ರ ಇಂದಿಗೂ ನಮ್ಮ ಕಣ್ಣ ಮುಂದಿರುವುದು ಅವರಿಂದಾಗಿಯೇ. ಕಾದಂಬರಿಗೆ 'ಪ್ಯಾರಿಷ್ ಹುಡುಗನೊಬ್ಬನ ಪ್ರಗತಿ' ಎಂಬರ್ಥದ ಉಪಶೀರ್ಷಿಕೆಯೂ ಇದೆ, ಅದು ವ್ಯಂಗ್ಯ.

ವರ್ಕ್‌ಹೌಸ್ ಎಂದರೆ ಅನಾಥಾಲಯವೇ?

ಅಲ್ಲ. ಅನಾಥಾಲಯ, ಧರ್ಮಛತ್ರ, ಗಂಜಿಕೇಂದ್ರ, ಜೈಲು ಇವುಗಳ ಒಂದೊಂದು ಲಕ್ಷಣ ಅದರಲ್ಲಿತ್ತು, ಆದರೆ ಅದು ಇವುಗಳಲ್ಲಿ ಯಾವುದೂ ಆಗಿರಲಿಲ್ಲ. ಇಂಗ್ಲೆಂಡಿನಲ್ಲಿ 1601ರ ಕಾಯಿದೆಯ ಕಾಲದಿಂದಲೂ ಬಡವರನ್ನು ನೋಡಿಕೊಳ್ಳುವ ಹೊಣೆ ಪ್ಯಾರಿಷ್‌ನದು, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರಿನದು. ಅದಕ್ಕಾಗಿ ಊರಿನ ಆಸ್ತಿವಂತರು ತೆರಿಗೆ ಕಟ್ಟುತ್ತಿದ್ದರು. ತೆರಿಗೆ ಏರಿದಂತೆಲ್ಲ ಗೊಣಗಾಟವೂ ಏರಿತು. 1834ರಲ್ಲಿ ಬಂದ ತಿದ್ದುಪಡಿ ಕಾಯಿದೆಯು, ಮೈಯಲ್ಲಿ ಕಸುವಿರುವ ಬಡವನಿಗೆ ಅವನ ಮನೆಯಲ್ಲೇ ನೆರವು ಕೊಡುವುದನ್ನು ನಿಲ್ಲಿಸಬೇಕು, ನೆರವು ಬೇಕೆಂದರೆ ಅವನು ಸಂಸಾರಸಮೇತ ವರ್ಕ್‌ಹೌಸ್‌ಗೆ ಬಂದು ಸೇರಬೇಕು, ಮತ್ತು ಅಲ್ಲಿನ ಬದುಕು ಹೊರಗಿನ ಕಡುಬಡ ಕೂಲಿಯವನ ಬದುಕಿಗಿಂತಲೂ ಒಂದು ಮೆಟ್ಟಿಲು ಕೆಳಗಿರಬೇಕು ಎಂಬ ನೀತಿಯನ್ನು ತಂದಿತು. ಒಳಗೆ ಹೋದ ಮೇಲೆ ಗಂಡ, ಹೆಂಡತಿ, ಮಕ್ಕಳನ್ನು ಬೇರೆ ಬೇರೆ ವಿಭಾಗಗಳಿಗೆ ಹಾಕುತ್ತಿದ್ದರು.

ಹೊರಗಿನ ಕೂಲಿಯವನೇ ಅರೆಹೊಟ್ಟೆಯಲ್ಲಿರುವಾಗ ಅವನಿಗಿಂತ ಕೀಳಾಗಿ ಇನ್ನೊಬ್ಬನನ್ನು ಸಾಕುವುದು ಹೇಗೆ? ಕಾದಂಬರಿಯ ಎರಡನೆಯ ಅಧ್ಯಾಯ ಇದಕ್ಕೆ ನಿರ್ವಿಕಾರವಾದ ದನಿಯಲ್ಲಿ ಉತ್ತರ ಕೊಡುತ್ತದೆ: ಒಳಗೆ ಬಂದರೆ ನಿಧಾನವಾಗಿ ಉಪವಾಸ ಸಾಯಬಹುದು, ಹೊರಗೇ ಉಳಿದರೆ ಬೇಗ ಸಾಯಬಹುದು, ಆಯ್ಕೆ ಬಡವರದೇ, ವರ್ಕ್‌ಹೌಸ್ ನಡೆಸುವ ಮಂಡಲಿ ಯಾರನ್ನೂ ಬಲವಂತಪಡಿಸುವುದಿಲ್ಲ.

'ಇನ್ನೂ ಸ್ವಲ್ಪ ಬೇಕು' ಎಂಬ ಪ್ರಸಿದ್ಧ ದೃಶ್ಯದಲ್ಲಿ ನಿಜವಾಗಿ ನಡೆಯುವುದೇನು?

ಸಿನಿಮಾಗಳಿಂದ ಈ ದೃಶ್ಯವನ್ನು ಬಲ್ಲವರು ಆಲಿವರ್‌ನನ್ನು ಧೈರ್ಯವಂತ ಹುಡುಗನೆಂದು ಭಾವಿಸುತ್ತಾರೆ. ಮೂಲದಲ್ಲಿ ಅವನು ಚೀಟಿ ಎತ್ತಿದಾಗ ಸಿಕ್ಕಿಬಿದ್ದವನು. ಆಡಳಿತ ಮಂಡಲಿಯು ನೀರಿಗಾಗಿ ಜಲಕಂಪನಿಯೊಡನೆ ಬೇಕಾದಷ್ಟು ಪ್ರಮಾಣಕ್ಕೂ, ಓಟ್ಸ್ ಹಿಟ್ಟಿಗಾಗಿ ದಿನಸಿ ವ್ಯಾಪಾರಿಯೊಡನೆ ಸಣ್ಣ ಸಣ್ಣ ಪ್ರಮಾಣಕ್ಕೂ ಕರಾರು ಮಾಡಿಕೊಂಡಿದೆ. ಆದ್ದರಿಂದ ದಿನಕ್ಕೆ ಮೂರು ಹೊತ್ತು ನೀರುಗಂಜಿ. ವಾರಕ್ಕೆ ಎರಡು ಸಲ ಒಂದು ಈರುಳ್ಳಿ. ಭಾನುವಾರ ಅರ್ಧ ಬನ್ನು. ಹೀಗೆ ಮೂರು ತಿಂಗಳು ಕಳೆಯುತ್ತದೆ. ಒಬ್ಬ ಎತ್ತರದ ಹುಡುಗ, ಅವನಪ್ಪ ಹಿಂದೆ ಸಣ್ಣ ಹೋಟೆಲ್ಲು ನಡೆಸಿದವನಾದ್ದರಿಂದ ಇಂಥ ಹಸಿವಿಗೆ ಒಗ್ಗದವನು, ಇನ್ನೊಂದು ಬಟ್ಟಲು ಗಂಜಿ ಸಿಗದಿದ್ದರೆ ರಾತ್ರಿ ಪಕ್ಕದಲ್ಲಿ ಮಲಗುವ ಸಣಕಲು ಹುಡುಗನನ್ನೇ ತಿಂದುಬಿಟ್ಟೇನೆಂದು ಕಣ್ಣರಳಿಸಿ ಹೇಳುತ್ತಾನೆ. ಉಳಿದವರು ಅದನ್ನು ನಂಬುತ್ತಾರೆ. ಚೀಟಿ ಹಾಕುತ್ತಾರೆ. ಅದು ಆಲಿವರ್‌ನಿಗೆ ಬೀಳುತ್ತದೆ.

ಇನ್ನು ಊಟದ ಕೋಣೆಯನ್ನು ಹತ್ತಿರದಿಂದ ನೋಡಬೇಕು. ಕಲ್ಲಿನ ದೊಡ್ಡ ಹಜಾರ, ಅದರ ಒಂದು ತುದಿಯಲ್ಲಿ ಇಟ್ಟಿಗೆಯ ಒಲೆಯಲ್ಲಿ ಹೂತ ಹಂಡೆ, ಏಪ್ರನ್ ಕಟ್ಟಿಕೊಂಡು ಸೌಟು ಹಿಡಿದ ಮೇಲ್ವಿಚಾರಕ. ಪ್ರತಿ ಹುಡುಗನಿಗೆ ಒಂದೇ ಬಟ್ಟಲು. ಬಟ್ಟಲುಗಳನ್ನು ತೊಳೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ಮಕ್ಕಳು ಚಮಚದಿಂದ ಕೆರೆದು ಕೆರೆದು ಅವು ಥಳಥಳಿಸುವಂತೆ ಮಾಡುತ್ತಿದ್ದರು. ಚಮಚವೂ ಬಟ್ಟಲಿನಷ್ಟೇ ದೊಡ್ಡದಿದ್ದುದರಿಂದ ಆ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯುತ್ತಿರಲಿಲ್ಲ. ಆಮೇಲೆ ಬೆರಳುಗಳಿಗೆ ಎಲ್ಲಾದರೂ ಒಂದು ತೊಟ್ಟು ಸಿಡಿದಿದೆಯೇನೋ ಎಂದು ಅವನ್ನು ಚೀಪುತ್ತ, ಹಂಡೆ ಕೂತಿದ್ದ ಇಟ್ಟಿಗೆಗಳನ್ನೇ ನುಂಗುವವರಂತೆ ದಿಟ್ಟಿಸುತ್ತ ಕೂರುತ್ತಿದ್ದರು.

ಆಲಿವರ್ ಎದ್ದು ಹೋಗಿ ವಿನಯದಿಂದಲೇ ಕೇಳುತ್ತಾನೆ. ದಷ್ಟಪುಷ್ಟನಾದ ಮೇಲ್ವಿಚಾರಕ ಬಿಳಿಚಿಕೊಂಡು, ಹಂಡೆಯನ್ನು ಆತು ಹಿಡಿದು, ಬತ್ತಿದ ದನಿಯಲ್ಲಿ 'ಏನು?' ಎನ್ನುತ್ತಾನೆ. ಹುಡುಗ ಅದೇ ಮಾತನ್ನು ಇನ್ನೊಮ್ಮೆ ಹೇಳುತ್ತಾನೆ. ಆಗ ಬಡಿಸುವ ಸೌಟೇ ಅವನ ತಲೆಯತ್ತ ಬೀಸುತ್ತದೆ. ಅನ್ನ ಹಾಕುವ ಕೈಯೂ ಹೊಡೆಯುವ ಕೈಯೂ ಒಂದೇ, ಉಪಕರಣವೂ ಒಂದೇ. ಇಡೀ ಕಾದಂಬರಿಯ ದರ್ಶನ ಈ ಸೌಟಿನಲ್ಲಿ ಇದೆ ಎಂದು ನನಗೆ ಅನ್ನಿಸುತ್ತದೆ. ಸುದ್ದಿ ಮಂಡಲಿಯ ಸಭೆಗೆ ತಲುಪಿದಾಗ ಅಧ್ಯಕ್ಷರು ಕೇಳುವುದು ಹುಡುಗನಿಗೆ ಹಸಿವಾಗಿತ್ತೇ ಎಂದಲ್ಲ. ನಿಯಮಾವಳಿಯಲ್ಲಿ ಗೊತ್ತುಪಡಿಸಿದ ರಾತ್ರಿಯೂಟವನ್ನು ತಿಂದಾದ ಮೇಲೂ ಅವನು ಕೇಳಿದನೇ ಎಂದು. ಹೌದೆಂದಾಗ, ಬಿಳಿ ವೇಸ್ಟ್‌ಕೋಟಿನ ಸದಸ್ಯರೊಬ್ಬರು ಈ ಹುಡುಗ ಒಂದು ದಿನ ಗಲ್ಲಿಗೇರುವುದು ಖಂಡಿತವೆಂದು ಭವಿಷ್ಯ ನುಡಿಯುತ್ತಾರೆ. ಮರುದಿನ ಗೇಟಿನ ಮೇಲೆ ನೋಟೀಸು ಬೀಳುತ್ತದೆ: ಆಲಿವರ್‌ನನ್ನು ಕರೆದೊಯ್ದವರಿಗೆ 5 ಪೌಂಡ್ ಬಹುಮಾನ.

ಆ ಮಾತನ್ನು ಕನ್ನಡಕ್ಕೆ ತರುವುದು ಏಕೆ ಕಷ್ಟ?

ಪದಗಳು ಕಷ್ಟವಲ್ಲ. 'ಸ್ವಾಮಿ, ಇನ್ನೂ ಸ್ವಲ್ಪ ಬೇಕು' ಎಂದರೆ ಮುಗಿಯಿತು. ತೊಡಕಿರುವುದು ನಮ್ಮ ಊಟದ ಪದ್ಧತಿಯಲ್ಲಿ. ನಮ್ಮ ಪಂಕ್ತಿಯಲ್ಲಿ ಬಡಿಸುವವರು ಎರಡನೆಯ ಸುತ್ತು ಬಂದೇ ಬರುತ್ತಾರೆ. ಎಲೆಯ ಮೇಲೆ ಕೈ ಅಡ್ಡ ಹಿಡಿದು 'ಸಾಕು, ಸಾಕು' ಎನ್ನುವುದು ಉಣ್ಣುವವನ ಪಾಲಿನ ಕೆಲಸ, ಅದನ್ನು ಕೇಳಿಯೂ ಇನ್ನೊಂದು ಸೌಟು ಹಾಕುವುದು ಬಡಿಸುವವರ ಉಪಚಾರ. ಹೀಗಾಗಿ ಆಲಿವರ್‌ನ ಮಾತು ಕನ್ನಡದ ಕಿವಿಗೆ ತೀರ ಸಾಮಾನ್ಯವಾಗಿ ಕೇಳಿಸುತ್ತದೆ, ಅದರಲ್ಲಿ ಅಪರಾಧವೆಲ್ಲಿದೆ ಎಂದು ತಿಳಿಯುವುದಿಲ್ಲ. ಅನುವಾದಕರು ಗಮನ ಕೊಡಬೇಕಾದುದು ಆ ಒಂದು ವಾಕ್ಯಕ್ಕಿಂತ ಹೆಚ್ಚಾಗಿ ಅದಕ್ಕೆ ಮುಂಚಿನ ಎರಡು ಪುಟಗಳಿಗೆ. 'ಸಾಕು' ಎಂಬ ಪದವೇ ಹುಟ್ಟದಂತೆ ಅಳೆದಿಟ್ಟ ಜಾಗ ಅದು ಎಂಬುದು ಅಲ್ಲಿ ಮನದಟ್ಟಾಗಬೇಕು. ಇನ್ನು 'ಗಂಜಿ' ಎಂಬ ಪದ. ನಮ್ಮಲ್ಲಿ ಅದು ಜ್ವರ ಬಿಟ್ಟವನ ಪಥ್ಯವೂ ಹೌದು, ಕರಾವಳಿಯ ನಿತ್ಯದ ಊಟವೂ ಹೌದು, ಅದರ ಜೊತೆಗೆ ಉಪ್ಪಿನಕಾಯಿಯ ನೆನಪೂ ಬರುತ್ತದೆ. ಹಾಗಾಗಿ 'ನೀರುಗಂಜಿ' ಎಂದು ಬಳಸುವುದು ಕ್ಷೇಮ.

ವರ್ಕ್‌ಹೌಸ್‌ಗಳಲ್ಲಿ ನಿಜಕ್ಕೂ ಇಷ್ಟು ಕಡಿಮೆ ಊಟ ಕೊಡುತ್ತಿದ್ದರೇ, ಅಥವಾ ಇದು ಉತ್ಪ್ರೇಕ್ಷೆಯೇ?

ಎರಡೂ ನಿಜ. ಹೊಸ ಕಾಯಿದೆಯ ಆಯುಕ್ತರು ಪ್ರಕಟಿಸಿದ ಆಹಾರ ಪಟ್ಟಿಗಳಲ್ಲಿ ಗಂಜಿಯ ಜೊತೆಗೆ ಬ್ರೆಡ್ಡು, ಚೀಸ್, ಆಲೂಗಡ್ಡೆ, ವಾರದ ಕೆಲವು ದಿನ ಮಾಂಸ ಇರುತ್ತಿದ್ದವು. ಮೂರು ಹೊತ್ತೂ ಬರೀ ಗಂಜಿಯೆಂಬುದು ವ್ಯಂಗ್ಯಕಾರನ ಹಿಗ್ಗಿಸುವಿಕೆ. ಆದರೆ ಪಟ್ಟಿಯಲ್ಲಿ ಬರೆದುದು ಬಟ್ಟಲಿಗೆ ಬಂದೇ ಬರುತ್ತಿತ್ತು ಎನ್ನಲು ಯಾವ ಆಧಾರವಿದೆ? ಹ್ಯಾಂಪ್‌ಶೈರಿನ ಆಂಡೋವರ್ ಎಂಬಲ್ಲಿನ ವರ್ಕ್‌ಹೌಸ್‌ನಲ್ಲಿ, ಗೊಬ್ಬರಕ್ಕಾಗಿ ಮೂಳೆ ಕುಟ್ಟುವ ಕೆಲಸಕ್ಕೆ ಹಚ್ಚಿದ ನಿವಾಸಿಗಳು ಹಸಿವು ತಾಳಲಾರದೆ ಆ ಕೊಳೆತ ಮೂಳೆಗಳ ಮಜ್ಜೆಯನ್ನೇ ಕಚ್ಚಿ ಚೀಪುತ್ತಿದ್ದರೆಂಬುದು 1845ರಲ್ಲಿ ಬಯಲಾಯಿತು. ಅಲ್ಲಿಯೂ ಒಂದು ಅಧಿಕೃತ ಪಟ್ಟಿ ಇತ್ತು. ಪಡಿತರವನ್ನು ಮೇಲ್ವಿಚಾರಕನೇ ಕದಿಯುತ್ತಿದ್ದ. ಪಾರ್ಲಿಮೆಂಟು ವಿಚಾರಣೆ ನಡೆಸಿತು, 1847ರಲ್ಲಿ ಆಯುಕ್ತರ ವ್ಯವಸ್ಥೆಯನ್ನು ತೆಗೆದು ಬೇರೆ ಮಂಡಲಿಯನ್ನು ತಂದರು. ಹುಡುಗರು ಒಬ್ಬರನ್ನೊಬ್ಬರು ತಿಂದಾರೆಂಬ ಡಿಕನ್ಸ್‌ರ ಹಾಸ್ಯವನ್ನು ಅತಿಯಾಯಿತೆಂದು ತಳ್ಳಿಹಾಕುವವರು ಈ ಮೂಳೆಗಳನ್ನು ನೆನೆಯಬೇಕು.

ಮಿಸೆಸ್ ಮ್ಯಾನ್ ಯಾರು? ಆ ಅಧ್ಯಾಯ ಯಾಕೆ ಅಷ್ಟು ಕಹಿ?

ವರ್ಕ್‌ಹೌಸ್‌ನಲ್ಲಿ ಹುಟ್ಟಿ ತಾಯಿಯನ್ನು ಕಳೆದುಕೊಂಡ ಆಲಿವರ್‌ನನ್ನು ಸುಮಾರು ಮೂರು ಮೈಲಿ ದೂರದ ಶಾಖೆಗೆ ಕಳಿಸುತ್ತಾರೆ. ಅಲ್ಲಿ ಇಪ್ಪತ್ತು ಮೂವತ್ತು ಪುಟ್ಟ ಮಕ್ಕಳನ್ನು ಸಾಕುವ ಗುತ್ತಿಗೆ ಈ ಹೆಂಗಸಿನದು. ತಲೆಗೆ ವಾರಕ್ಕೆ ಏಳೂವರೆ ಪೆನ್ನಿ. ಮಗುವಿಗೆ ಹೆಚ್ಚು ತಿನ್ನಿಸಿದರೆ ಕೆಡುಕೆಂಬ ಅನುಭವಜ್ಞಾನದಿಂದ ಆಕೆ ಅದರಲ್ಲಿ ಹೆಚ್ಚಿನ ಪಾಲನ್ನು ತನ್ನ ಖರ್ಚಿಗೆ ಇಟ್ಟುಕೊಳ್ಳುತ್ತಾಳೆ. ಇಲ್ಲಿ ಡಿಕನ್ಸ್ ಒಬ್ಬ ತತ್ತ್ವಜ್ಞಾನಿಯ ಕತೆ ಹೇಳುತ್ತಾರೆ: ಕುದುರೆ ತಿನ್ನದೆಯೇ ಬದುಕಬಲ್ಲದೆಂದು ಸಾಧಿಸಹೊರಟ ಅವನು ತನ್ನ ಕುದುರೆಯ ಮೇವನ್ನು ದಿನಕ್ಕೊಂದು ಹುಲ್ಲುಕಡ್ಡಿಗೆ ಇಳಿಸಿದ್ದನಂತೆ, ಅದು ಬರೀ ಗಾಳಿಯ ಮೇಲೆ ಬದುಕಬೇಕಿದ್ದ ದಿನಕ್ಕೆ ಇಪ್ಪತ್ತನಾಲ್ಕು ಗಂಟೆ ಮೊದಲು ಸತ್ತುಹೋಯಿತಂತೆ. ಮಿಸೆಸ್ ಮ್ಯಾನ್‌ಳ ಪ್ರಯೋಗವೂ ಹೆಚ್ಚುಕಡಿಮೆ ಹಾಗೆಯೇ ಮುಗಿಯುತ್ತಿತ್ತು ಎನ್ನುವಾಗ ಆ ದನಿಯಲ್ಲಿ ಎಲ್ಲೂ ಕೋಪವಿಲ್ಲ. ಓದುಗನ ಹೊಟ್ಟೆಯಲ್ಲಿ ಸಂಕಟವೇಳಿಸುವುದು ಆ ಸಮಾಧಾನವೇ.

ಒಂಬತ್ತನೆಯ ಹುಟ್ಟುಹಬ್ಬದ ದಿನ ಆಲಿವರ್ ಕಲ್ಲಿದ್ದಲಿನ ನೆಲಮಾಳಿಗೆಯಲ್ಲಿದ್ದಾನೆ. ಇನ್ನಿಬ್ಬರು ಹುಡುಗರೊಡನೆ ಹಸಿವಾಗುತ್ತಿದೆ ಎಂದುದಕ್ಕೆ ಏಟು ಕೊಟ್ಟು ಅಲ್ಲಿ ಕೂಡಿಹಾಕಿದ್ದಾರೆ. ಅಧಿಕಾರಿ ಬಂದನೆಂದು ತಿಳಿದೊಡನೆ ಅವನ ಮುಖ ತೊಳೆಸಿ ಹೊರಗೆ ತರುತ್ತಾರೆ. ಅವನನ್ನು ಒಯ್ಯುವ ಹೊತ್ತಿಗೆ ಮಿಸೆಸ್ ಮ್ಯಾನ್ ಸಾವಿರ ಸಲ ಅಪ್ಪಿಕೊಂಡು ಬೆಣ್ಣೆ ಹಚ್ಚಿದ ಬ್ರೆಡ್ಡಿನ ತುಂಡೊಂದನ್ನು ಕೊಡುತ್ತಾಳೆ. ಪ್ರೀತಿಯಿಂದಲ್ಲ, ವರ್ಕ್‌ಹೌಸ್ ತಲುಪುವಾಗ ಹುಡುಗ ತೀರ ಹಸಿದವನಂತೆ ಕಾಣಬಾರದೆಂದು.

ಇದು ಬರೀ ಕಲ್ಪನೆಯಲ್ಲ. ಕಾದಂಬರಿ ಬಂದು ಹತ್ತು ವರ್ಷಗಳ ಮೇಲೆ, 1849ರ ಜನವರಿಯಲ್ಲಿ, ಲಂಡನ್ ಬಳಿಯ ಟೂಟಿಂಗ್‌ನಲ್ಲಿ ಇಂಥದೇ ಗುತ್ತಿಗೆಯ ಪಾಲನಾಗೃಹದಲ್ಲಿ ಕಾಲರಾ ಹಬ್ಬಿ ನೂರಕ್ಕೂ ಹೆಚ್ಚು ಬಡಮಕ್ಕಳು ಸತ್ತರು. ಅದನ್ನು ನಡೆಸುತ್ತಿದ್ದವನ ಮೇಲೆ ಮೊಕದ್ದಮೆ ನಡೆದು ಅವನು ಬಿಡುಗಡೆಯಾದ. ಡಿಕನ್ಸ್ ಆ ಕುರಿತು ಪತ್ರಿಕೆಯಲ್ಲಿ ಕಟುವಾಗಿ ಬರೆದರು.

ಬಂಬಲ್ ಖಳನಾಯಕನೇ, ಹಾಸ್ಯಪಾತ್ರವೇ?

ಅವನು ಪ್ಯಾರಿಷ್‌ನ ಬೀಡಲ್. ನಮ್ಮ ಹಳೆಯ ತಾಲ್ಲೂಕು ಕಚೇರಿಯ ದಫೇದಾರನನ್ನು ನೆನಪಿಸಿಕೊಂಡರೆ ಅವನ ಗತ್ತು, ಟೋಪಿ, ಬೆತ್ತ ಎಲ್ಲವೂ ಕಣ್ಣಿಗೆ ಕಟ್ಟುತ್ತವೆ. ಅಕ್ಷರಮಾಲೆಯ ಪ್ರಕಾರ ಸರದಿಯಲ್ಲಿ ಅನಾಥ ಮಕ್ಕಳಿಗೆ ಹೆಸರಿಡುವವನು ಅವನೇ. ಆಲಿವರ್‌ಗೆ 'ಟ್ವಿಸ್ಟ್' ಸಿಕ್ಕಿದ್ದು ಹಾಗೆ. ಅವನು ನಗಿಸುತ್ತಾನೆ, ಅದೇ ಅವನ ಅಪಾಯ. ಅವನ ಕೋಟಿನ ಹಿತ್ತಾಳೆ ಗುಂಡಿಯನ್ನು ನಾಲ್ಕನೆಯ ಅಧ್ಯಾಯದಲ್ಲಿ ಶವಸಂಸ್ಕಾರದ ಗುತ್ತಿಗೆದಾರ ಸೋವರ್‌ಬೆರಿ ಮೆಚ್ಚಿಕೊಳ್ಳುತ್ತಾನೆ. ಗಾಯಗೊಂಡ ದಾರಿಹೋಕನನ್ನು ಉಪಚರಿಸುತ್ತಿರುವ ಬೈಬಲ್ಲಿನ ಸಜ್ಜನ ಸಮಾರ್ಯದವನ ಚಿತ್ರ ಅದರ ಮೇಲಿದೆ. ಮಂಡಲಿ ಹೊಸವರ್ಷಕ್ಕೆ ಕೊಟ್ಟ ಉಡುಗೊರೆಯಂತೆ. ತಾನು ಅದನ್ನು ಮೊದಲು ತೊಟ್ಟದ್ದು, ನಡುರಾತ್ರಿ ಬಾಗಿಲ ಸಂದಿಯಲ್ಲಿ ಸತ್ತ ದಿವಾಳಿ ವ್ಯಾಪಾರಿಯೊಬ್ಬನ ಮರಣ ವಿಚಾರಣೆಗೆ ಎಂದು ಬಂಬಲ್ ಹೆಮ್ಮೆಯಿಂದ ಹೇಳುತ್ತಾನೆ. ಆ ಮನುಷ್ಯ ಚಳಿಯಿಂದಲೂ, ಬದುಕಿಗೆ ಬೇಕಾದ ಕನಿಷ್ಠ ವಸ್ತುಗಳ ಅಭಾವದಿಂದಲೂ ಸತ್ತನೆಂದು ತೀರ್ಪಾಗಿತ್ತು.

ಆರನೆಯ ಅಧ್ಯಾಯದಲ್ಲಿ, ಸೋವರ್‌ಬೆರಿಯ ಬಳಿ ಕೆಲಸಕ್ಕೆ ಸೇರಿದ ಆಲಿವರ್, ತನ್ನ ಸತ್ತ ತಾಯಿಯನ್ನು ಹೀನಾಯವಾಗಿ ಆಡಿದ ದೊಡ್ಡ ಹುಡುಗನನ್ನು ಹೊಡೆದು ಕೆಡವುತ್ತಾನೆ. ಹುಡುಗನಿಗೆ ಹುಚ್ಚು ಹಿಡಿದಿರಬೇಕೆಂದು ಮಿಸೆಸ್ ಸೋವರ್‌ಬೆರಿ ಹೇಳಿದರೆ, ಮುಂದಿನ ಅಧ್ಯಾಯದಲ್ಲಿ ಅಲ್ಲಿಗೆ ಬರುವ ಬಂಬಲ್ ಗಂಭೀರವಾಗಿ ಚಿಂತಿಸಿ ಇದು ಹುಚ್ಚಲ್ಲ, ಮಾಂಸ ಎನ್ನುತ್ತಾನೆ. ಹೊಟ್ಟೆ ತುಂಬ ಹಾಕಿದ್ದರಿಂದ ಅವನೊಳಗೆ ಇಲ್ಲದ ಆತ್ಮವೊಂದು ಹುಟ್ಟಿಕೊಂಡಿತು. ಗಂಜಿಯ ಮೇಲೇ ಇಟ್ಟಿದ್ದರೆ ಹೀಗಾಗುತ್ತಿರಲಿಲ್ಲ. ಆಕೆ ಹಾಕಿದ್ದಾದರೂ ಏನು? ನಾಯಿಗೆಂದು ತೆಗೆದಿಟ್ಟು, ನಾಯಿ ಮನೆಗೆ ಬಾರದ್ದರಿಂದ ಉಳಿದ ಚೂರುಗಳು. ಹಾಸ್ಯ ಹೌದು, ಆದರೆ ಬಂಬಲ್ ಹೇಳಿದ್ದರಲ್ಲಿ ಸುಳ್ಳಿಲ್ಲ. ಹಸಿವು ಆ ವ್ಯವಸ್ಥೆಯ ಲೋಪವಾಗಿರದೆ ಅದರ ಆಯುಧವಾಗಿತ್ತು ಎಂಬುದನ್ನು ಇಷ್ಟು ನೇರವಾಗಿ ಒಪ್ಪಿಕೊಳ್ಳುವ ಪಾತ್ರ ಕಾದಂಬರಿಯಲ್ಲಿ ಅವನೊಬ್ಬನೇ.

ಆಲಿವರ್‌ಗೆ ಮೊದಲು ಆದರದಿಂದ ಉಣಬಡಿಸಿದವರು ಕಳ್ಳರು ಎಂಬುದಕ್ಕೆ ಏನು ಅರ್ಥ?

ಸೋವರ್‌ಬೆರಿಯ ಮನೆಯಿಂದ ಓಡಿಹೋಗುವಾಗ ಅವನ ಗಂಟಿನಲ್ಲಿದ್ದುದು ಬ್ರೆಡ್ಡಿನ ಒಂದು ತುಣುಕು, ಒರಟು ಅಂಗಿ, ಎರಡು ಜೊತೆ ಕಾಲುಚೀಲ, ಒಂದು ಪೆನ್ನಿ. ಲಂಡನ್ನಿಗೆ 70 ಮೈಲಿ. ದಾರಿಯ ಹಳ್ಳಿಗಳಲ್ಲಿ ಬೇಡುವವರನ್ನು ಜೈಲಿಗೆ ಹಾಕಲಾಗುವುದೆಂಬ ಫಲಕಗಳಿವೆ. ಸುಂಕದಕಟ್ಟೆಯ ಕಾವಲುಗಾರನೊಬ್ಬ ಬ್ರೆಡ್ಡು ಚೀಸ್ ಕೊಡುತ್ತಾನೆ, ಮುದುಕಿಯೊಬ್ಬಳು ತನ್ನಲ್ಲಿದ್ದ ಚೂರುಪಾರು ಕೊಡುತ್ತಾಳೆ. ಇವರಿಬ್ಬರೂ ಇಲ್ಲದಿದ್ದರೆ ಕತೆ ಅಲ್ಲೇ ಮುಗಿಯುತ್ತಿತ್ತು. ಬಾರ್ನೆಟ್‌ನಲ್ಲಿ ಕಾಲು ಒಡೆದು ಮೆಟ್ಟಿಲ ಮೇಲೆ ಕೂತವನಿಗೆ ಜ್ಯಾಕ್ ಡಾಕಿನ್ಸ್ ಎಂಬ ಜೇಬುಗಳ್ಳ ಹುಡುಗ ಹ್ಯಾಮ್ ಮತ್ತು ಬ್ರೆಡ್ಡು ಕೊಳ್ಳುತ್ತಾನೆ. ಮಾಂಸಕ್ಕೆ ಧೂಳು ಹತ್ತಬಾರದೆಂದು ಬ್ರೆಡ್ಡಿನ ತಿರುಳನ್ನು ತೆಗೆದು ಆ ತೂತಿನೊಳಗೆ ಅದನ್ನು ತುರುಕಿ ಕಂಕುಳಲ್ಲಿಟ್ಟುಕೊಳ್ಳುವ ಅವನ ಜಾಣತನವನ್ನು ಡಿಕನ್ಸ್ ಎಷ್ಟು ಅಕ್ಕರೆಯಿಂದ ಬಣ್ಣಿಸುತ್ತಾರೆಂದರೆ, ಈ ಹುಡುಗ ಹಸಿವನ್ನು ಬಲ್ಲವನೆಂದು ಬೇರೆ ಹೇಳಬೇಕಾಗುವುದಿಲ್ಲ. ಸಂಜೆ, ಕಳ್ಳರ ಗುರು ಫೇಗಿನ್‌ನ ಗೂಡಿನಲ್ಲಿ ಬಾಣಲೆಯ ಸಾಸೇಜು. ಧರ್ಮದ ಹೆಸರಿನಲ್ಲಿ ನಡೆಯುವ ಮನೆ ಕೊಡದಿದ್ದುದನ್ನು ಕಳ್ಳನ ಅಡುಗೆಮನೆ ಕೊಟ್ಟಿತು. ಅಲ್ಲಿಯೂ ಲೆಕ್ಕವಿದೆ, ಆ ಊಟ ಮುಂಗಡ ಕೂಲಿ. ಸಂಪಾದಿಸದೆ ಬರಿಗೈಯಲ್ಲಿ ಬಂದ ಹುಡುಗರನ್ನು ಫೇಗಿನ್ ಊಟವಿಲ್ಲದೆ ಮಲಗಿಸುತ್ತಾನೆ.

ಇದರೆದುರು, ಮುಂದೆ ಆಲಿವರ್‌ನಿಗೆ ಆಶ್ರಯ ಕೊಡುವ ಸಜ್ಜನ ಬ್ರೌನ್‌ಲೋ ಅವರ ಮನೆಯ ಒಂದು ಬಟ್ಟಲು ಸಾರನ್ನು ಇಟ್ಟು ನೋಡಬೇಕು. ವರ್ಕ್‌ಹೌಸ್‌ನ ನಿಯಮದಂತೆ ನೀರು ಬೆರೆಸಿದರೆ ಅದರಲ್ಲಿ ಮುನ್ನೂರೈವತ್ತು ಬಡವರಿಗೆ ಊಟವಾಗುತ್ತಿತ್ತು ಎಂದು ಲೇಖಕರು ಲೆಕ್ಕ ಕೊಡುತ್ತಾರೆ.

ಫೇಗಿನ್‌ನ ಚಿತ್ರಣ ಯಹೂದಿಗಳಿಗೆ ಅವಮಾನವಲ್ಲವೇ?

ಹೌದು. ಬಡಮಕ್ಕಳ ಬಗ್ಗೆ ಅಷ್ಟು ಕಣ್ಣು ತೆರೆದಿದ್ದ ಪುಸ್ತಕ ಈ ವಿಷಯದಲ್ಲಿ ಕುರುಡಾಗಿದೆ. 1863ರಲ್ಲಿ ಎಲೈಜಾ ಡೇವಿಸ್ ಎಂಬ ಯಹೂದಿ ಮಹಿಳೆ ಡಿಕನ್ಸ್‌ಗೆ ಪತ್ರ ಬರೆದು ಆಕ್ಷೇಪಿಸಿದರು. ಮೊದಲು ಸಮರ್ಥಿಸಿಕೊಂಡ ಡಿಕನ್ಸ್, 1867ರ ಆವೃತ್ತಿಯಲ್ಲಿ ಫೇಗಿನ್‌ನನ್ನು 'ಯಹೂದಿ' ಎಂದೇ ಕರೆದಿದ್ದ ಅನೇಕ ಕಡೆ ಆ ಪದವನ್ನು ತೆಗೆದರು. ತಿದ್ದುಪಡಿ ಪೂರ್ತಿಯಾಗಲಿಲ್ಲ.

ಡಿಕನ್ಸ್ ಸ್ವತಃ ಹಸಿದವರೇ?

1824ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಅವರನ್ನು ಥೇಮ್ಸ್ ದಡದ ಬೂಟ್‌ಪಾಲಿಶ್ ಕಾರ್ಖಾನೆಗೆ ಕೆಲಸಕ್ಕೆ ಹಾಕಿದರು. ಡಬ್ಬಿಗಳಿಗೆ ಚೀಟಿ ಅಂಟಿಸಬೇಕು, ವಾರಕ್ಕೆ ಆರೇಳು ಶಿಲ್ಲಿಂಗ್. ತಂದೆ ಸಾಲಕ್ಕಾಗಿ ಮಾರ್ಷಲ್‌ಸೀ ಜೈಲು ಸೇರಿದರು. ಸಿಕ್ಕ ಹಣ ಶನಿವಾರದವರೆಗೆ ಬರಬೇಕೆಂದು ಆ ಹುಡುಗ ಅದನ್ನು ಆರು ಪೊಟ್ಟಣ ಕಟ್ಟಿ ಒಂದೊಂದರ ಮೇಲೆ ಒಂದೊಂದು ದಿನದ ಹೆಸರು ಬರೆದಿಡುತ್ತಿದ್ದನಂತೆ. ಇದನ್ನೆಲ್ಲ ಅವರು ಬದುಕಿರುವಾಗ ಲೋಕಕ್ಕೆ ಹೇಳಲಿಲ್ಲ. 1870ರಲ್ಲಿ ತೀರಿಕೊಂಡ ಮೇಲೆ ಗೆಳೆಯ ಜಾನ್ ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದ ಹೊರಬಿತ್ತು. ಕಾರ್ಖಾನೆಯಲ್ಲಿ ಅವರಿಗೆ ನೆರವಾದ ಹುಡುಗನ ಹೆಸರು ಬಾಬ್ ಫೇಗಿನ್. ಉಪಕಾರ ಮಾಡಿದವನ ಹೆಸರನ್ನು ಕಳ್ಳರ ಗುರುವಿಗೆ ಇಟ್ಟದ್ದೇಕೆ ಎಂಬ ಬಗ್ಗೆ ವಿಮರ್ಶಕರು ಬಹಳ ಬರೆದಿದ್ದಾರೆ. ಆ ಹುಡುಗನ ದಯೆಯೇ ತನ್ನನ್ನು ಅಲ್ಲಿ ಕಾಯಮ್ಮಾಗಿ ಉಳಿಸಿಬಿಡಬಹುದಿತ್ತು ಎಂಬ ಭಯ ಇದರ ಹಿಂದಿರಬೇಕೆಂಬುದು ನನಗೆ ಒಪ್ಪಿಗೆಯಾಗುವ ವಿವರಣೆ.

ಕಾದಂಬರಿಯ ದೊಡ್ಡ ದೌರ್ಬಲ್ಯ ಯಾವುದು?

ಆಲಿವರ್ ಬಡವರ ಮಗನಲ್ಲ ಎಂಬುದು. ಅವನು ಸ್ಥಿತಿವಂತನ ಮಗ. ವರ್ಕ್‌ಹೌಸ್‌ನಲ್ಲೇ ಬೆಳೆದರೂ ಅವನ ಬಾಯಿಂದ ಬರುವುದು ಶಿಷ್ಟ ಇಂಗ್ಲಿಷು. ಕೊನೆಗೆ ಉಯಿಲು, ಕಳೆದುಹೋದ ಒಡವೆ, ಮಲಸಹೋದರನ ಸಂಚು ಎಲ್ಲ ಬಯಲಾಗಿ ಅವನ ಪಾಲು ಅವನಿಗೆ ಸಿಗುತ್ತದೆ. ಹಂಡೆಯ ಮುಂದೆ ಕೂತಿದ್ದ ಉಳಿದ ಹುಡುಗರಿಗೆ ಯಾವ ಉಯಿಲೂ ಇಲ್ಲ. ಡಿಕನ್ಸ್‌ಗೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ, ಏಕೆಂದರೆ ಅವರು ಡಿಕ್ ಎಂಬ ಇನ್ನೊಬ್ಬ ಹುಡುಗನನ್ನು ಸೃಷ್ಟಿಸಿದ್ದಾರೆ. ಆಲಿವರ್ ಓಡಿಹೋಗುವ ಬೆಳಗ್ಗೆ ತೋಟದಲ್ಲಿ ಕಳೆ ಕೀಳುತ್ತಿದ್ದ ಡಿಕ್ ಗೇಟು ಹತ್ತಿ ಅವನ ಕೊರಳು ತಬ್ಬಿ ದೇವರು ಒಳ್ಳೆಯದು ಮಾಡಲಿ ಎನ್ನುತ್ತಾನೆ. ಆಲಿವರ್ ಬಾಳಿನಲ್ಲಿ ಕೇಳಿದ ಮೊದಲ ಹರಕೆ ಅದು. ಶ್ರೀಮಂತನಾಗಿ ಡಿಕ್‌ನನ್ನು ಕರೆದೊಯ್ಯಲು ಮರಳಿ ಬಂದಾಗ ಡಿಕ್ ಸತ್ತಿರುತ್ತಾನೆ.

ನಮ್ಮ ನಾಡಿನ ಚರಿತ್ರೆಗೂ ಈ ಕಾಯಿದೆಗೂ ಸಂಬಂಧವಿದೆಯೇ?

ಇದೆ, ಆದರೆ ಕಾದಂಬರಿಯ ಮೂಲಕವಲ್ಲ, ಅದು ಗೇಲಿ ಮಾಡಿದ ವಿಚಾರದ ಮೂಲಕ. ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876ರಿಂದ 1878ರವರೆಗೆ, ಮೈಸೂರು ಸಂಸ್ಥಾನವೂ ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಯೂ ತತ್ತರಿಸಿದವು. ನೆರವು ಸಲೀಸಾಗಿ ಸಿಕ್ಕರೆ ಜನ ಸೋಮಾರಿಗಳಾಗುತ್ತಾರೆಂಬ, ಇಂಗ್ಲೆಂಡಿನ ಬಡವರ ಕಾಯಿದೆಯ ಅದೇ ಆತಂಕ ಇಲ್ಲಿನ ಪರಿಹಾರ ಕಾಮಗಾರಿಗಳನ್ನೂ ಆಳಿತು. 1877ರಲ್ಲಿ, ಬರಪರಿಹಾರದ ಮೇಲ್ವಿಚಾರಣೆಗೆ ಬ್ರಿಟಿಷ್ ಭಾರತ ಸರ್ಕಾರ ಕಳಿಸಿದ್ದ ಸರ್ ರಿಚರ್ಡ್ ಟೆಂಪಲ್, ಮೈಮುರಿದು ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅದರ ಮೇಲೆ ಒಂದಾಣೆ ಸಾಕೆಂದು ಗೊತ್ತುಪಡಿಸಿದರು. ಮದ್ರಾಸಿನ ಸ್ಯಾನಿಟರಿ ಕಮಿಷನರ್ ವಿಲಿಯಂ ಕಾರ್ನಿಷ್ ಇದು ಜೀವ ಹಿಡಿಯಲು ಸಾಲದೆಂದು ಪ್ರತಿಭಟಿಸಿದರು.

ಮಕ್ಕಳಿಗೆ ಓದಲು ಕೊಡಬಹುದೇ? ಯಾವ ಭಾಗ ಓದಿಸಬೇಕು?

ಹನ್ನೆರಡು ದಾಟಿದವರಿಗೆ ಧಾರಾಳವಾಗಿ ಕೊಡಬಹುದು. ಕೊನೆಯ ಭಾಗದಲ್ಲಿ ಫೇಗಿನ್‌ನ ಗುಂಪಿನ ಹುಡುಗಿ ನ್ಯಾನ್ಸಿಯ ಕೊಲೆ ಭೀಕರವಾಗಿದೆ ಎಂಬುದನ್ನು ಹಿರಿಯರು ಮೊದಲೇ ತಿಳಿದಿರಬೇಕು. ಶಾಲೆಯ ಸಂಕ್ಷಿಪ್ತ ಪಠ್ಯಗಳನ್ನು ಮಾತ್ರ ಓದಿದವರು ಮೂಲದ ಮೊದಲ ಎಂಟು ಅಧ್ಯಾಯಗಳನ್ನಾದರೂ ಓದಲಿ. ಹಸಿವಿನ ವಿಷಯವೆಲ್ಲ ಹೆಚ್ಚುಕಡಿಮೆ ಅಲ್ಲಿದೆ. ಸಂಕ್ಷಿಪ್ತಗೊಳಿಸುವವರು ಸುಲಭವಾಗಿ ಬಿಟ್ಟುಬಿಡುವ ಐದನೆಯ ಅಧ್ಯಾಯವನ್ನು ಬಿಡಬಾರದು. ಅಲ್ಲಿ ಆಲಿವರ್ ಸೋವರ್‌ಬೆರಿಯ ಹಿಂದೆ ಶವದ ಅಳತೆ ತೆಗೆಯಲು ಒಂದು ಬಡವರ ಕೋಣೆಗೆ ಹೋಗುತ್ತಾನೆ. ಹೆಂಡತಿ ಉಪವಾಸದಿಂದ ಸತ್ತಿದ್ದಾಳೆ. ಅವಳಿಗಾಗಿ ಬೇಡಲು ಹೋದ ಗಂಡನನ್ನು ಜೈಲಿಗೆ ಹಾಕಿದ್ದರು, ಅವನು ಬರುವಷ್ಟರಲ್ಲಿ ಅವಳ ಪ್ರಾಣ ಹೋಗುತ್ತಿತ್ತು. ಮರುದಿನ ಅವಳನ್ನು ಹೂಳಲು ಹೊರಟಾಗ ಪಾದ್ರಿಯನ್ನು ಕಾಯಿಸುವುದು ಬೇಡವೆಂದು ಸೋವರ್‌ಬೆರಿ ಅವಸರಪಡಿಸುತ್ತಾನೆ, ಬಳಿಕ ಪಾದ್ರಿಯೇ ಒಂದು ಗಂಟೆ ತಡವಾಗಿ ಬಂದು ನಾಲ್ಕು ನಿಮಿಷದಲ್ಲಿ ಮಂತ್ರ ಮುಗಿಸುತ್ತಾನೆ. ಹೊರಟು ಬರುವಾಗ, ಹೇಗನ್ನಿಸಿತು ಎಂದು ಸೋವರ್‌ಬೆರಿ ಕೇಳುತ್ತಾನೆ. ಅಷ್ಟೇನೂ ಇಷ್ಟವಾಗಲಿಲ್ಲ ಎಂದು ಆಲಿವರ್ ತಡವರಿಸುತ್ತಾನೆ. ಕ್ರಮೇಣ ಅಭ್ಯಾಸವಾಗುತ್ತದೆ ಎಂದು ಯಜಮಾನ ಹೇಳುತ್ತಾನೆ, ಮತ್ತು ಹುಡುಗ ಅದರ ಬಗ್ಗೆ ಯೋಚಿಸುತ್ತ ಅಂಗಡಿಗೆ ಮರಳುತ್ತಾನೆ.